ಕೈ ತೆಗೆದ ಸಮಯ

ಎಡಗೈ ಬಿಟ್ಟಿತು. ಬಲಗೈ ಇನ್ನೂ ಸ್ಟೇರಿಂಗ್ ಮೇಲೇ ಇತ್ತು. ಹೆಬ್ಬೆರಳು ಮಾತ್ರ ಸಡಿಲವಾಗಿತ್ತು. ಅವನು ಮಾನಿಟರಿನಲ್ಲಿ ಆ ಹೆಬ್ಬೆರಳನ್ನೇ ನೋಡುತ್ತಾ ಮೈಕಿನ ಹತ್ತಿರ ಬಾಯಿ ತಂದ.

"ನಾನು ನೋಡ್ತಾ ಇದ್ದೀನಿ," ಎಂದ.

ಬಲಗೈಯೂ ಬಿಟ್ಟಿತು. ಪಕ್ಕದ ಕುರ್ಚಿಯಲ್ಲಿ ಟಿಪ್ಪಣಿಯಮ್ಮ ಬರೆದುಕೊಂಡರು: ಹನ್ನೊಂದನೆಯವರು, ಶಾಲೆಯ ಟೀಚರ್, ಆರು ನಿಮಿಷ ಹತ್ತು ಸೆಕೆಂಡು.

ಗೋಡೆಯ ಆಚೆ ಅರ್ಧ ಕಾರು ಇತ್ತು. ನಿಜವಾದ ಕಾರೇ, ಮುಂದಿನ ಸೀಟುಗಳ ಬೆನ್ನಿಗೆ ಸರಿಯಾಗಿ ಕೊಯ್ದು ಉಳಿದದ್ದನ್ನು ಗುಜರಿಗೆ ಹಾಕಿದ್ದರು. ಚಕ್ರವಿಲ್ಲ, ಹಿಂದಿನ ಸೀಟಿಲ್ಲ. ಒಳಗಿನ ಕನ್ನಡಿಯಲ್ಲಿ ನೋಡಿದರೆ ಹಿಂದೆ ಕರಿ ಬಟ್ಟೆ. ಮುಂದೆ ಗೋಡೆಯಗಲದ ಪರದೆ, ಪರದೆಯ ಮೇಲೆ ರಸ್ತೆ. ಕೂರಲು ಬಂದವರಿಗೆ ಹೇಳುವುದು ಇಷ್ಟೇ: ಇದು ಹತ್ತು ವರ್ಷದ ನಂತರದ ಕಾರು. ತಾನೇ ಓಡುತ್ತದೆ, ತಾನೇ ಮಾತಾಡುತ್ತದೆ. ನಿಮಗೆ ನಂಬಿಕೆ ಬಂದಾಗ ಕೈ ತೆಗೆಯಿರಿ.

ತಾನೇ ಓಡುವ ಕಾರು ಇನ್ನೂ ಹುಟ್ಟಿರಲಿಲ್ಲ. ಗೋಡೆಯ ಈಚೆ ಇನ್ನೊಂದು ಸ್ಟೇರಿಂಗ್ ಇತ್ತು, ಅದನ್ನು ತಿರುಗಿಸುವವನು ಅವನು. ಮೈಕಿನಲ್ಲಿ ಅವನಾಡಿದ ಮಾತು ಯಂತ್ರದೊಳಗೆ ಹಾದು, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದು ನಯವಾದ ದನಿಯಾಗಿ ಅಲ್ಲಿ ಕೇಳುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಕಂಪನಿಯ ಪದ್ಧತಿ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದವನನ್ನು ಆಫೀಸಿನವರೆಲ್ಲ ಸಾರಥಿ ಎಂದು ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಕೈ ತೆಗೆದ ನಲವತ್ತು ಸೆಕೆಂಡಿಗೆ ಲಾರಿ. ಕೆಟ್ಟು ರಸ್ತೆಯ ನಡುವೆ ನಿಂತಿರುವ ಲಾರಿ. ಅವನು ಬೇಕೆಂದೇ ಬ್ರೇಕ್ ಹಾಕಬಾರದು. ಕೂತವರು ಏನೇ ಕೇಳಿದರೂ ಒಂದೇ ಉತ್ತರ ಕೊಡಬೇಕು: ನಾನು ನೋಡ್ತಾ ಇದ್ದೀನಿ. ಅವರು ಮತ್ತೆ ಸ್ಟೇರಿಂಗ್ ಹಿಡಿಯುತ್ತಾರೋ ಇಲ್ಲವೋ, ಅದು ಎರಡನೆಯ ಅಂಕಿ. ಹಿಡಿಯದೆ ಹೋದರೆ ಪರದೆ ಬೆಳ್ಳಗಾಗುತ್ತದೆ. ಗುದ್ದುವ ಚಿತ್ರ ತೋರಿಸಿದರೆ ಅನುಭವ ಕೆಡುತ್ತದೆ ಎಂದು ವಿನ್ಯಾಸದವರು ತೀರ್ಮಾನಿಸಿದ್ದರು.

ಟೀಚರ್ ಚೀರಿ ಸ್ಟೇರಿಂಗ್ ಹಿಡಿದರು. ಒಂದೂವರೆ ಸೆಕೆಂಡು. ಒಳ್ಳೆಯ ಅಂಕಿ.

ಆಮೇಲೆ ನಿಜ ಹೇಳುವ ಹತ್ತು ನಿಮಿಷ. ಪಕ್ಕದ ಬಾಗಿಲು ತೆಗೆದು, ಬಂದವರನ್ನು ಒಳಗೆ ಕರೆದು, ಈಚೆಯ ಸ್ಟೇರಿಂಗ್ ತೋರಿಸಬೇಕು. ಯಂತ್ರ ಇರಲಿಲ್ಲ, ಇದ್ದದ್ದು ಮನುಷ್ಯ ಎನ್ನಬೇಕು. ಇಲ್ಲಿ ಕೈ ಬಿಟ್ಟವರು ಹೊರಗೆ ಹೋಗಿ ತಮ್ಮ ಕಾರಿನಲ್ಲೂ ಕೈ ಬಿಟ್ಟಾರು, ಆದ್ದರಿಂದ ಯಾರನ್ನೂ ನಿಜ ಹೇಳದೆ ಕಳಿಸಕೂಡದು. ನಿಯಮ ಪುಸ್ತಕದ ಮೊದಲ ಪುಟದಲ್ಲಿ ಹಾಗೆ ಬರೆದವನು ಅವನೇ.

"ಅಷ್ಟೊತ್ತೂ ಮಾತಾಡಿದ್ದು ನೀವಾ?" ಟೀಚರ್ ಕೇಳಿದರು.

"ಹೌದು ಮೇಡಂ."

"ನಮ್ಮ ಯಜಮಾನರ ವಿಷಯ ಎಲ್ಲ ಹೇಳಿಬಿಟ್ಟೆನಲ್ಲ."

"ಅದನ್ನ ಅಳಿಸಿಬಿಡ್ತೀವಿ."

"ಯಂತ್ರ ಅಂದ್ಕೊಂಡು ಹೇಳಿದ್ದು ನಾನು." ಅವರು ಬ್ಯಾಗನ್ನು ಎದೆಗವಚಿಕೊಂಡು ಹೊರಟರು. ಬಾಗಿಲು ದಾಟುವವರೆಗೂ ಅವನ ಮುಖ ನೋಡಲಿಲ್ಲ. ಹನ್ನೊಂದು ಜನರಲ್ಲಿ ಒಂಬತ್ತು ಜನ ಹೀಗೇ ಹೋಗಿದ್ದರು. ಅದಕ್ಕೆ ಮಾತ್ರ ಟಿಪ್ಪಣಿಯಮ್ಮನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಹನ್ನೆರಡೂವರೆಗೆ ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತ. ಹನ್ನೆರಡನೆಯವನು ಕೈಕೊಟ್ಟಿದ್ದ, ನಿವೃತ್ತ ಟ್ಯಾಕ್ಸಿ ಚಾಲಕ, ಮಂಡಿನೋವಂತೆ.

"ನಾಳೆ ಬೆಳಿಗ್ಗೆ ದೊಡ್ಡವರೆಲ್ಲ ಬರ್ತಾರೆ. ಅರವತ್ತು ದಾಟಿದ ಚಾಲಕ ಒಬ್ಬ ಬೇಕೇ ಬೇಕು. ಆ ಸಾಲು ಖಾಲಿ ಇಟ್ಕೊಂಡು ಹೋದ್ರೆ ನನ್ನ ಮುಖ ಎಲ್ಲಿಡ್ಲಿ?"

"ಇವತ್ತೇ ಎಲ್ಲಿಂದ ತರೋದು ಸರ್?"

"ನಿಮಗೆ ಯಾರೂ ಗೊತ್ತಿಲ್ವಾ?"

ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೆ ಇಲ್ಲಿ ನಿಯಮದ ಬೆಂಬಲವೂ ಇತ್ತು: ಸಂಬಂಧಿಕರನ್ನು ಕೂರಿಸಬಾರದು. ಅವನು ಕಾರಿಡಾರಿನ ತುದಿಗೆ ಹೋಗಿ ಮನೆಗೆ ಫೋನ್ ಮಾಡಿದ.

"ಅಪ್ಪ, ಒಂದು ಗಂಟೆ ಬಿಡುವಿದೆಯಾ?"

"ನನಗೇನೋ, ಬಿಡುವೇ ಬಿಡುವು. ಪುಟ್ಟೀನ ಸ್ಕೂಲಿಂದ ಕರ್ಕೊಂಡು ಬರೋದು ಮೂರೂವರೆಗೆ. ಏನಾಯ್ತು?"

"ಏನಿಲ್ಲ. ನಮ್ಮ ಆಫೀಸಿಗೆ ಬಂದು ಒಂದು ಕಾರಲ್ಲಿ ಕೂತ್ಕೋಬೇಕು."

"ಕೂತ್ಕೊಂಡು?"

"ಸುಮ್ಮನೆ ಕೂತ್ಕೊಳ್ಳೋದೇ."

"ಸುಮ್ಮನೆ ಕೂರೋಕೆ ಮನೇಲಿ ಕುರ್ಚಿ ಇಲ್ವೇನೋ?" ಅಪ್ಪ ನಕ್ಕ. "ಸರಿ, ಬರ್ತೀನಿ."

"ಇನ್ನೊಂದು. ಅಲ್ಲಿ ನನ್ನ ಅಪ್ಪ ಅಂತ ಹೇಳ್ಬೇಡ. ನಿಯಮ ಇದೆ."

"ಮತ್ತೆ ಏನಂತ ಹೇಳ್ಲಿ?"

"ಪರಿಚಯದವರು ಅನ್ನು."

"ಆಯ್ತು. ಪರಿಚಯ ಇದೆಯಲ್ಲ, ಅದೇನೂ ಸುಳ್ಳಲ್ಲ."

ಅಪ್ಪ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವನು. ಒಂದು ನಾಯಿಗೂ ತಾಗಿಸಿರಲಿಲ್ಲ. ಈಗಲೂ ಪಕ್ಕದ ಸೀಟಿನಲ್ಲಿ ಕೂತರೆ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದ. ಗಾಡಿ ಓಡಿಸುವಾಗ ಫೋನ್ ಮುಟ್ಟುತ್ತಿರಲಿಲ್ಲ. ದೇವರೇ ಫೋನ್ ಮಾಡಿದರೂ ಸ್ಟಾಪಿಗೆ ಬಂದಮೇಲೆ ನೋಡೋಣ ಎನ್ನುತ್ತಿದ್ದ. ಇಂಥವನು ಕೈ ಬಿಡಲಿಕ್ಕಿಲ್ಲ, ಸಾಲು ತುಂಬಿದರೆ ಸಾಕು ಎಂದುಕೊಂಡ ಅವನು.

ಆದರೆ ಮನಸ್ಸಿನ ತಳದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ತಿಂಗಳಿಂದ ಹೆಂಡತಿ ಹೇಳುತ್ತಲೇ ಇದ್ದಳು: ಮಾವ ಎರಡು ಸಲ ಗೇಟಿಗೆ ತಾಗಿಸಿದ್ದಾರೆ, ಕಣ್ಣು ಮಂಜಾಗಿದೆಯೋ ಏನೋ, ಮಗು ಇರತ್ತೆ ಗಾಡೀಲಿ, ನೀವೇ ಒಂದು ಮಾತು ಕೇಳಿ. ಅವನು ಕೇಳಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಪ್ಪ ಮಗನ ನಡುವೆ ಓಡಾಡುತ್ತಿದ್ದ ಮಾತುಗಳು ಎರಡು: ಹಾಲು ಬಂತಾ, ಗೇಟ್ ಹಾಕಿದ್ಯಾ. ಇವುಗಳ ನಡುವೆ ಕಣ್ಣಿನ ಸುದ್ದಿಯನ್ನು ತೂರಿಸಲು ಅವನಿಗೆ ಬರುತ್ತಿರಲಿಲ್ಲ.

ಒಂದೂ ಮುಕ್ಕಾಲಿಗೆ ಅಪ್ಪ ಅರ್ಧ ಕಾರಿನಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕನ್ನಡಿ ಸರಿಮಾಡಿಕೊಂಡ, ಹಿಂದೆ ಕರಿ ಬಟ್ಟೆ ಕಂಡು ಮತ್ತೊಮ್ಮೆ ಸರಿಮಾಡಿದ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ. ಗೋಡೆಯ ಈಚೆ ಅವನ ಅಂಗೈಗೆ ಅದು ತಿಳಿಯಿತು. ಎರಡು ಸ್ಟೇರಿಂಗಿಗೂ ಒಂದೇ ಮೋಟಾರಿನ ನಂಟು. ಅಲ್ಲಿ ಹಿಡಿದ ಬಿಗಿ ಇಲ್ಲಿ ಗೊತ್ತಾಗುತ್ತದೆ. ಅಪ್ಪನ ಕೈ ಹಿಡಿದು ಎಷ್ಟು ವರ್ಷವಾಯಿತೆಂದು ಅವನಿಗೆ ನೆನಪಾಗಲಿಲ್ಲ.

"ನಮಸ್ಕಾರ. ಆರಾಮಾಗಿದ್ದೀರಾ?"

"ಯಾರಪ್ಪ ನೀನು?"

"ನಾನು ಈ ಕಾರು."

"ಓಹೋ! ಮೂವತ್ತೊಂದು ವರ್ಷ ಬಸ್ಸು ಓಡಿಸ್ದೆ, ಒಂದು ದಿನ ಬಾಯಿ ಬಿಡ್ಲಿಲ್ಲ ಮೂದೇವಿ. ನಿನಗೆ ಮಾತು ಬರುತ್ತಾ?"

ಟಿಪ್ಪಣಿಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ರಸ್ತೆ ಓಡತೊಡಗಿತು. ಅವನು ತಿರುಗಿಸಿದ ಪ್ರತಿ ತಿರುವಿಗೂ ಆಚೆಯಿಂದ ಒಂದು ಕೂದಲೆಳೆಯಷ್ಟು ತಿದ್ದುಪಡಿ ಬರುತ್ತಿತ್ತು. ಅವನಿಗೆ ಕಾರು ಕಲಿಸಿದವನೂ ಅಪ್ಪನೇ. ಆಗಲೂ ಹೀಗೇ ಬಾಯಿ ಬಿಡದೆ ತಿದ್ದುತ್ತಿದ್ದ. ಚೆನ್ನಾಗಿ ಓಡಿಸ್ತೀಯ ಎಂದು ಒಂದು ಸಲವೂ ಅಂದಿರಲಿಲ್ಲ.

ಅವನ ಮುಂದಿದ್ದ ಪಟ್ಟಿಯ ಮೂರನೆಯ ಪ್ರಶ್ನೆ ಎಲ್ಲರಿಗೂ ಕೇಳುವಂಥದೇ.

"ರಸ್ತೆ ಚೆನ್ನಾಗಿ ಕಾಣಿಸ್ತಾ ಇದೆಯಾ?"

ಅಪ್ಪ ಮುಂದಕ್ಕೆ ಬಾಗಿದ. ಆಮೇಲೆ ದನಿ ತಗ್ಗಿಸಿ ಡ್ಯಾಶ್‌ಬೋರ್ಡಿಗೆ ಹೇಳಿದ: "ನಿನ್ನ ಹತ್ರ ಹೇಳಿದ್ದು ಯಾರಿಗಾದ್ರೂ ಹೋಗುತ್ತಾ?"

"ಇಲ್ಲ. ನಮ್ಮಲ್ಲೇ ಇರುತ್ತೆ." ಇದೂ ಪಟ್ಟಿಯಲ್ಲಿದ್ದ ಉತ್ತರವೇ.

"ಬಲಗಣ್ಣಲ್ಲಿ ಒಂದು ಕಪ್ಪು ಬಂದು ಕೂತಿದೆ ಕಣಯ್ಯ. ಆರು ತಿಂಗಳಾಯ್ತು. ಮೊದ್ಲು ಸಾಸಿವೆಕಾಳಷ್ಟಿತ್ತು, ಈಗ ಅಂಗಿ ಗುಂಡಿಯಷ್ಟಾಗಿದೆ. ಮನೇಲಿ ಹೇಳಿಲ್ಲ. ಹೇಳಿದ್ರೆ ಬೀಗದಕೈ ಕಿತ್ಕೊಳ್ತಾರೆ."

"ಯಾರು?" ಇದು ಪಟ್ಟಿಯಲ್ಲಿರಲಿಲ್ಲ. ಟಿಪ್ಪಣಿಯಮ್ಮ ತಲೆಯೆತ್ತಿದರು.

"ಮಗ. ಒಳ್ಳೇವ್ನೇ. ಬೈಯಲ್ಲ, ಏನಿಲ್ಲ. ಬೈಯೋಕಾದ್ರೂ ಮಾತಾಡ್ಬೇಕಲ್ಲ." ಅಪ್ಪ ನಕ್ಕಂತೆ ಮಾಡಿದ. "ಮೊಮ್ಮಗಳು ಸ್ಕೂಲಿಂದ ಮನೆಗೆ ಬರೋ ಇಪ್ಪತ್ತೈದು ನಿಮಿಷ ಇದೆ ನೋಡು, ದಿನಕ್ಕೆ ನನ್ನ ಹತ್ರ ಒಬ್ಬರು ಬಾಯ್ತುಂಬ ಮಾತಾಡೋದು ಅಷ್ಟೇ. ಅದನ್ನೂ ಬಿಟ್ಕೊಟ್ರೆ ಗೋಡೆ ನೋಡ್ಕೊಂಡು ಕೂರಬೇಕು. ಒಂದು ಕಣ್ಣಿದೆಯಲ್ಲ, ಹೇಗೋ ನಡೀತಿದೆ."

ಅವನು ಎದ್ದು ಹೋಗಿ ಪಕ್ಕದ ಬಾಗಿಲು ತೆಗೆದು ಅಪ್ಪ ಎನ್ನಬಹುದಿತ್ತು. ನಡುವೆ ಇದ್ದದ್ದು ಆರು ಹೆಜ್ಜೆ. ಅವನು ಮೈಕಿನತ್ತ ಬಾಗಿದ.

"ನಿಮ್ಮ ಕಣ್ಣಿಗೆ ಕಾಣದ್ದನ್ನ ನಾನು ನೋಡ್ತೀನಿ," ಎಂದ. "ನಾನಿದ್ದೀನಿ. ನೀವು ಕೈ ತೆಗೀಬಹುದು."

ಹುಟ್ಟಿದಾಗಿನಿಂದ ಅಪ್ಪನಿಗೆ ಹೀಗೊಂದು ಮಾತು ಹೇಳಿದವನಲ್ಲ. ಹೇಳಿದ್ದು ಯಂತ್ರದೊಳಗೆ ಹಾದು, ನುಣ್ಣಗಾಗಿ, ಯಾರದ್ದೂ ಅಲ್ಲದ ದನಿಯಾಗಿ ಆಚೆ ಬಿತ್ತು. ಮರುಕ್ಷಣ ಅವನ ಅಂಗೈಯಲ್ಲಿದ್ದ ಭಾರ ಹೊರಟುಹೋಯಿತು. ಮಾನಿಟರಿನಲ್ಲಿ ಅಪ್ಪನ ಎರಡು ಕೈಗಳು ತೊಡೆಯ ಮೇಲೆ ಬೋರಲಾಗಿ ಮಲಗಿದ್ದವು.

"ಮೂರು ನಿಮಿಷ ನಲವತ್ತು ಸೆಕೆಂಡು," ಟಿಪ್ಪಣಿಯಮ್ಮ ಮೆಲ್ಲಗೆ ಹೇಳಿದರು. "ಇಷ್ಟು ಬೇಗ ಯಾರೂ ಬಿಟ್ಟಿರ್ಲಿಲ್ಲ."

ಲಾರಿ ಬಂತು. ಮೊದಲು ಚುಕ್ಕೆಯಷ್ಟು.

"ಏಯ್, ಮುಂದೆ ಏನೋ ನಿಂತ ಹಾಗಿದೆ ಕಣಯ್ಯ. ಲಾರೀನಾ? ನೋಡಿದ್ಯಾ?"

ಅವನು ಟಿಪ್ಪಣಿಯಮ್ಮನ ಕಡೆ ನೋಡಿದ. ಅವರು ಗಡಿಯಾರ ನೋಡುತ್ತಿದ್ದರು.

"ನಾನು ನೋಡ್ತಾ ಇದ್ದೀನಿ."

ತೊಡೆಯಿಂದ ಒಂದಿಷ್ಟು ಮೇಲೆದ್ದ ಕೈಗಳು ಮತ್ತೆ ಕೆಳಗೆ ಕೂತವು. ಪರದೆ ಬೆಳ್ಳಗಾಯಿತು.

"ಏನಿದು, ಮಂಜಾ?" ಅಪ್ಪ ಕೇಳಿದ.

"ಮುಗೀತು. ಧನ್ಯವಾದ."

"ಚೆನ್ನಾಗಿ ಓಡಿಸ್ತೀಯಪ್ಪ," ಎಂದು ಅಪ್ಪ ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದ. ಡ್ಯೂಟಿ ಮುಗಿದ ಮೇಲೆ ಬಸ್ಸಿಗೂ ಹಾಗೆ ತಟ್ಟಿ ಇಳಿಯುತ್ತಿದ್ದ. ಗೋಡೆಯ ಈಚೆ ಅವನ ಕಣ್ಣು ಮಂಜಾಯಿತು.

"ನಿಜ ಹೇಳೋ ಭಾಗ ಬಾಕಿ ಇದೆ," ಟಿಪ್ಪಣಿಯಮ್ಮ ನೆನಪಿಸಿದರು. "ಕರೀಲಾ ಒಳಗೆ?"

ಅವನು ಟೀಚರಮ್ಮನ ಮುಖ ನೆನೆದ. ಆ ಮುಖದ ಜಾಗದಲ್ಲಿ ಅಪ್ಪನ ಮುಖ ಇಟ್ಟು ನೋಡಿದ. ಬೀಗದಕೈಯ ಮಾತು, ಗೋಡೆ ನೋಡಿಕೊಂಡು ಕೂರುವ ಮಾತು, ಇವನ್ನೆಲ್ಲ ಕೇಳಿದವನು ಯಾರು ಎಂದು ಗೊತ್ತಾದರೆ ಇನ್ನು ಹಾಲು ಬಂತಾ ಎಂಬುದೂ ನಿಲ್ಲುತ್ತದೆ.

"ಬೇಡ. ನಾನೇ ಹೊರಗೆ ಹೇಳ್ತೀನಿ," ಎಂದ.

"ಇಲ್ಲೇ ಹೇಳ್ಬೇಕು ಅಂತ ಅಲ್ವಾ ನಿಯಮ?"

"ಗೊತ್ತಿರೋರು. ನಾನು ಹೇಳ್ತೀನಿ ಅಂದೆನಲ್ಲ."

ಟಿಪ್ಪಣಿಯಮ್ಮ ಆ ಚೌಕವನ್ನು ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು.

ಲಿಫ್ಟಿನ ಮುಂದೆ ಮ್ಯಾನೇಜರ್ ಆಗಲೇ ಅಪ್ಪನ ಕೈ ಹಿಡಿದು ಕುಲುಕುತ್ತಿದ್ದ.

"ಬಸ್ ಡ್ರೈವರೇ ಮೂರು ನಲವತ್ತಕ್ಕೆ ಬಿಟ್ರೆ ಇನ್ನು ಊರು ನಮ್ದೇ ಬಿಡಿ! ನಮ್ಮ ಸಾರಥಿಗೆ ನೀವು ಹೇಗೆ ಪರಿಚಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಂತೆ ಅವನು ಕೊರಳಿನ ಗುರುತಿನ ಚೀಟಿ ಮುಟ್ಟಿಕೊಂಡ. ಅಪ್ಪ ಅವನನ್ನು ನೋಡಿದ, ಮ್ಯಾನೇಜರನ್ನು ನೋಡಿದ.

"ಹಳೇ ಪರಿಚಯ," ಎಂದ. ಮುಖದಲ್ಲಿ ಎಂದೂ ಇಲ್ಲದ ಹುರುಪಿತ್ತು. "ಸರ್, ನಮ್ಮ ಮನೆ ಕಾರೂ ನಿಮ್ಮ ಕಂಪನಿದೇ. ಸ್ಟೇರಿಂಗ್ ಮೇಲೆ ಅದೊಂದು ಹಸಿರು ಗುಂಡಿ ಇದೆ. ಇಷ್ಟು ದಿನ ಮುಟ್ಟಿರ್ಲಿಲ್ಲ, ಹೆದರಿಕೆ."

"ಅಯ್ಯೋ, ಧಾರಾಳವಾಗಿ ಒತ್ತಿ ಸರ್. ಇರೋದೇ ಅದಕ್ಕೆ!"

"ಅದು ಬೇರೆ," ಅವನು ಬಾಯಿ ಹಾಕಿದ. "ಅದು ಬರೀ..."

ಮ್ಯಾನೇಜರ್ ನಗುತ್ತಲೇ ಅವನ ಕಡೆ ತಿರುಗಿದ. ಆ ಹಸಿರು ಗುಂಡಿ ಬಿಳಿ ಗೆರೆಗಳ ನಡುವೆ ಕಾರನ್ನು ಹಿಡಿದಿಡುತ್ತದೆ, ಅಷ್ಟೇ. ಮುಂದೆ ನಿಂತ ಗಾಡಿ ಅದಕ್ಕೆ ಕಾಣುವುದಿಲ್ಲ. ಕೈ ಬಿಟ್ಟರೆ ಟಿಂಗ್ ಟಿಂಗ್ ಎಂದು ಕೂಗುತ್ತದೆ. ಹೇಳಲು ಅರ್ಧ ನಿಮಿಷ ಸಾಕು. ಹೇಳಹೊರಟರೆ ಇಲ್ಲಿ ಓಡಿಸಿದ್ದು ಯಾರು ಎಂಬಲ್ಲಿಂದ ಶುರುಮಾಡಬೇಕು, ಮ್ಯಾನೇಜರನ ಎದುರು ಬಾಯಿತಪ್ಪಿ ಅಪ್ಪ ಎಂದರೆ ಹನ್ನೆರಡನೆಯ ಸಾಲೇ ರದ್ದು.

"ಸಂಜೆ ಮಾತಾಡೋಣ," ಎಂದ. ನಂತರ ಸೇರಿಸಿದ: "ಸರ್."

ಅಪ್ಪ ಆ ಸರ್ ಎಂಬುದನ್ನು ತಲೆಯಾಡಿಸಿ ತೆಗೆದುಕೊಂಡ. ಲಿಫ್ಟಿನ ಬಾಗಿಲು ಮುಚ್ಚಿತು. ಗಂಟೆ ಎರಡೂವರೆ.

ಆಮೇಲಿನ ಒಂದು ಗಂಟೆ ಮ್ಯಾನೇಜರನ ಕೋಣೆಯಲ್ಲಿ ಕಳೆಯಿತು. ನಾಳೆ ಬರುವವರನ್ನೂ ಅರ್ಧ ಕಾರಿನಲ್ಲಿ ಕೂರಿಸಬೇಕಂತೆ; ಹನ್ನೆರಡನೆಯವರ ಓಟವನ್ನೇ, ದನಿ, ಸ್ಟೇರಿಂಗ್ ತಿರುವು ಎಲ್ಲ ಸಮೇತ, ಮತ್ತೆ ಓಡಿಸಿ ತೋರಿಸಬೇಕಂತೆ. ಟಿಪ್ಪಣಿಯಮ್ಮ ಅದನ್ನು ಸಿದ್ಧ ಮಾಡಲು ಹೋದರು. ಅವನು ತಲೆದೂಗುತ್ತ ಮನಸ್ಸಿನಲ್ಲಿ ಸಮಾಧಾನ ಹೆಣೆಯುತ್ತಿದ್ದ. ಮೂವತ್ತೊಂದು ವರ್ಷದ ಅಭ್ಯಾಸ. ಮಗು ಜೊತೆಗಿದ್ದಾಗ ಹೊಸದನ್ನು ಮಾಡುವವನಲ್ಲ. ಸಂಜೆ ಊಟಕ್ಕೆ ಕೂತಾಗ ಹೇಳಿದರಾಯಿತು. ಒಂದು ಅಂಕಿ ತಪ್ಪು ಓದಿದ. ಮತ್ತೆ ಓದಿದ. ಗೋಡೆಯ ಗಡಿಯಾರದಲ್ಲಿ ಮೂರು ಮೂವತ್ತೆಂಟು ಆದಾಗ, ಬಂದೆ ಎಂದು ಎದ್ದ.

ಆ ಕಟ್ಟಡದಲ್ಲಿ ಯಾರ ಕಿವಿಗೂ ಬೀಳದೆ ಮನೆಯವರ ಜೊತೆ ಮಾತಾಡಲು ಇದ್ದದ್ದು ಒಂದೇ ಜಾಗ, ಗೋಡೆಗೆ ಮೆತ್ತೆ ಹೊದಿಸಿದ ಆ ಕೋಣೆ. ಅವನು ಅರ್ಧ ಕಾರಿನೊಳಗೆ ಕೂತು ಬಾಗಿಲೆಳೆದುಕೊಂಡ. ಸದ್ದೆಲ್ಲ ಕಡಿದಂತಾಯಿತು. ಫೋನ್ ಮಾಡಿದ. ಎತ್ತಲಿಲ್ಲ.

ಅವನಿಗೆ ಹಾಯೆನಿಸಿತು. ಎತ್ತಲಿಲ್ಲ ಎಂದರೆ ಓಡಿಸುತ್ತಿದ್ದಾನೆ. ಎರಡು ಕೈಯೂ ಸ್ಟೇರಿಂಗ್ ಮೇಲಿವೆ, ಕಣ್ಣು ರಸ್ತೆಯ ಮೇಲಿದೆ. ಒಂದು ಕಣ್ಣಾದರೂ. ಇನ್ನೊಮ್ಮೆ ಮಾಡಿದ. ಎತ್ತಲಿಲ್ಲ. ಮೂರನೆಯ ಸಲ ಒತ್ತುವ ಹೊತ್ತಿಗೆ ಮುಂದಿನ ಪರದೆ ಬೆಳಗಿತು. ಗೋಡೆಯ ಆಚೆ ಟಿಪ್ಪಣಿಯಮ್ಮ ಮರುಓಟದ ಕೊನೆಯ ಭಾಗವನ್ನು ಪರೀಕ್ಷಿಸುತ್ತಿರಬೇಕು. ರಸ್ತೆ ಓಡತೊಡಗಿತು, ಎದುರಿನ ಸ್ಟೇರಿಂಗ್ ತಾನಾಗಿ ಎಡಕ್ಕೆ ಹೊರಳಿತು.

"ನಾನಿದ್ದೀನಿ," ಸ್ಪೀಕರಿನ ದನಿ ಹೇಳಿತು. "ನೀವು ಕೈ ತೆಗೀಬಹುದು."

ಅವನು ಎಡಗೈಯಿಂದ ಸ್ಟೇರಿಂಗ್ ಹಿಡಿದ. ಮಧ್ಯಾಹ್ನ ತಾನು ತಿರುಗಿಸಿದ ತಿರುವನ್ನೇ ಅದು ಮತ್ತೆ ತಿರುಗಿತು. ಬಿಗಿಯಾಗಿ ಹಿಡಿದ. ಮೋಟಾರು ಅವನ ಬೆರಳುಗಳನ್ನು ಬಿಡಿಸಿಕೊಂಡು ಹೋಯಿತು.

ಫೋನ್ ಎತ್ತಿದ ಸದ್ದು ಕೇಳಿಸಿತು.

"ಹೇಳೋ," ಅಪ್ಪ ಗೆಲುವಾಗಿದ್ದ. ಹಿಂದೆ ಗಾಳಿ, ಟೈರು, ದೊಡ್ಡ ರಸ್ತೆಯ ಸದ್ದು. "ಆಗಿಂದ ಬಡ್ಕೋತಾ ಇದೆ ಫೋನು. ಕೈ ಹೇಗೂ ಖಾಲಿ ಇದೆಯಲ್ಲ, ಎತ್ತೇಬಿಡೋಣ ಅಂತ ಎತ್ತಿದೆ."

"ಅಪ್ಪ, ಗಾಡೀಲಿದ್ದೀಯಾ?"

"ಹೂಂ, ಪುಟ್ಟೀನೂ ಇದ್ದಾಳೆ ಹಿಂದೆ. ಸ್ಪೀಕರ್ ಹಾಕ್ದೆ, ಮಾತಾಡು."

"ಸ್ಟೇರಿಂಗ್ ಹಿಡ್ಕೋ ಅಪ್ಪ."

"ಯಾಕೋ? ಹೂವು ಎತ್ತಿದ ಹಾಗೆ ಹೋಗ್ತಾ ಇದೆ. ಆಗಾಗ ಟಿಂಗ್ ಟಿಂಗ್ ಅನ್ನುತ್ತೆ, ಮಂಡಿ ತಾಗಿಸಿದ್ರೆ ಸುಮ್ಮನಾಗುತ್ತೆ." ಹಿಂದೆಲ್ಲೋ ಪುಟ್ಟಿ ನಕ್ಕಳು: "ತಾತ, ಇನ್ನೊಂದ್ಸಲ ಕೂಗ್ಸು!"

"ಹಿಡ್ಕೋ ಅಂದೆ. ಅದು ನೋಡಲ್ಲ, ಅದಕ್ಕೆ ಕಾಣಲ್ಲ."

"ನಿನ್ನ ಕಂಪನಿ ಮೇಲೆ ನಿನಗೇ ನಂಬಿಕೆ ಇಲ್ವಲ್ಲೋ!" ಅಪ್ಪ ನಕ್ಕ. "ನಾನೇ ಕೂತು ನೋಡಿ ಬಂದಿದ್ದೀನಿ. ನಿನಗಿಂತ ಚೆನ್ನಾಗಿ ಓಡಿಸ್ತು ಅದು."

ಪರದೆಯ ಮೇಲೆ ದೂರದಲ್ಲಿ ಚುಕ್ಕೆಯೊಂದು ಕಾಣಿಸಿತು. ಅವನು ಕನ್ನಡಿ ನೋಡಿದ. ಹಿಂದಿನ ಸೀಟು ಇರಬೇಕಾದಲ್ಲಿ ಕರಿ ಬಟ್ಟೆ ಇತ್ತು.

"ಅಪ್ಪ, ಅದು ಕಾರಲ್ಲ. ಅಲ್ಲಿ ಓಡಿಸಿದ್ದು..." ನಾನು ಎಂಬ ಮಾತು ಗಂಟಲವರೆಗೆ ಬಂತು. ಅದೊಂದು ಮಾತು ಮಾತ್ರ ಅವನ ಸ್ವಂತ ದನಿಯಲ್ಲಿ ಹೊರಡಬೇಕಿತ್ತು. ಅವನು ಉಸಿರು ತೆಗೆದುಕೊಂಡ.

"ನಾನು ನೋಡ್ತಾ ಇದ್ದೀನಿ," ಎಂದಿತು ಸ್ಪೀಕರು.

ಫೋನಿನ ಆಚೆ ಅಪ್ಪ ಕಿವಿಗೊಟ್ಟ. ಆಮೇಲೆ ಸಂತೋಷದಿಂದ ಕೂಗಿದ: "ಅದೇ ದನಿ! ಕೇಳಿದ್ಯಾ ಪುಟ್ಟಿ? ನಾನು ಹೇಳ್ಲಿಲ್ವಾ, ಇದೇ ಕಣೆ ಆ ದನಿ."

ಅವನು ಕಿರುಚಿದ. ಏನು ಕಿರುಚಿದನೋ ಅವನಿಗೇ ತಿಳಿಯಲಿಲ್ಲ. ಮೆತ್ತೆ ಹೊದಿಸಿದ ಗೋಡೆಗಳು ಅದನ್ನು ಹೀರಿಕೊಂಡವು. ಲಾರಿ ಪರದೆಯಷ್ಟಾಯಿತು.

ಪರದೆ ಬೆಳ್ಳಗಾಯಿತು.

ಫೋನು ಕಿವಿಯಲ್ಲೇ ಇತ್ತು. ಅದರೊಳಗಿನ ರಸ್ತೆಯ ಸದ್ದು ನಿಂತಿದೆಯೋ ಇಲ್ಲ ತನಗೇ ಕೇಳುತ್ತಿಲ್ಲವೋ ಎಂದು ಅವನು ಅಲುಗಾಡದೆ ಆಲಿಸಿದ. ಆ ಬಿಳಿ ಬೆಳಕಿನಲ್ಲಿ ಅವನಿಗೆ ತನ್ನ ಎಡಗೈ ಕಾಣಿಸಿತು. ಅದು ತೊಡೆಯ ಮೇಲೆ ಬೋರಲಾಗಿ ಮಲಗಿತ್ತು.